ಒಂದೂವರೆ ಅಂಗುಲ

ಪ್ರಾಥಮಿಕ ಶಾಲೆಯ ಉಪಾಧ್ಯಾಯನಾದವನು ಮೋಟಾರು ಗಾಡಿಯ ವಿಷಯವಾಗಿ, ಅದರಲ್ಲಿಯೂ ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಸ್ಪೋರ್ಟ್ಸ್ ಕಾರಿನ ವಿಷಯವಾಗಿ, ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ನಮಗೂ ಹಾಗೆಯೇ ತೋರಿದ್ದುಂಟು. ಆದರೆ ಸಂಪಾದಕರು ‘ನಿಮ್ಮ ಅನುಭವಕ್ಕೆ ಬಂದದ್ದನ್ನು ಬರೆಯಿರಿ, ವಸಂತಋತುವಿನ ಮೇಲೆ ಇನ್ನೊಂದು ಪ್ರಬಂಧ ಬೇಡ’ ಎಂದು ಕಟ್ಟಪ್ಪಣೆ ಮಾಡಿರುವುದರಿಂದಲೂ, ನಮ್ಮ ಅನುಭವಗಳ ಪೈಕಿ ನಡುರಾತ್ರಿಯಲ್ಲಿ ನಮ್ಮನ್ನು ಎಬ್ಬಿಸಿ ಕೂರಿಸತಕ್ಕದ್ದು ಇದೊಂದೇ ಆದುದರಿಂದಲೂ, ಬರೆಯುವ ಧೈರ್ಯ ಮಾಡಿದ್ದೇವೆ.

ನಮ್ಮ ತಮ್ಮ ತಾಳವಾಡಿಯ ಕಡೆಯ ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿದವನು. ಓದು ಅವನ ತಲೆಗೆ ಹತ್ತಲಿಲ್ಲವೆಂದು ಮನೆಯವರೆಲ್ಲ ತೀರ್ಪು ಕೊಟ್ಟ ಮೇಲೆ ಕೊಯಮತ್ತೂರಿಗೆ ಹೋಗಿ ಒಬ್ಬ ವೃದ್ಧ ಮೇಸ್ತ್ರಿಯ ಕೈಕೆಳಗೆ ಹನ್ನೊಂದು ವರ್ಷ ಎಣ್ಣೆ ಬಳಿದುಕೊಂಡ. ಆ ಮೇಸ್ತ್ರಿಯಾದರೋ ತಮ್ಮ ಆಯುಷ್ಯವನ್ನೆಲ್ಲ ಸ್ಟಾಂಡರ್ಡ್ ಹೆರಾಲ್ಡ್ ಎಂಬ ಒಂದೇ ಜಾತಿಯ ಕಾರಿಗೆ ಧಾರೆಯೆರೆದವರು. ೧೯೬೧ರಿಂದ ಸುಮಾರು ಹತ್ತು ವರ್ಷ ಮದರಾಸಿನಲ್ಲಿ ತಯಾರಾಗುತ್ತಿದ್ದ ಗಾಡಿ ಅದು. ನಮ್ಮ ಹಿರಿಯರಲ್ಲಿ ಕೆಲವರು ಅದರಲ್ಲಿ ಮದುವೆಯ ದಿಬ್ಬಣ ಹೋದದ್ದನ್ನು ಈಗಲೂ ಹೇಳುತ್ತಾರೆ. ಗುರುಗಳು ಕಣ್ಣು ಮುಚ್ಚಿದ ಬಳಿಕ ತಮ್ಮ ಸತ್ಯಮಂಗಲದಲ್ಲಿ ತಗಡಿನ ಸೂರಿನ ಕೆಳಗೆ ಸ್ವಂತ ಕಾರ್ಯಾಗಾರವಿಟ್ಟ. ನಾವು ಬೇಸಗೆ ರಜೆಯಲ್ಲಿ ಬೆಟ್ಟವಿಳಿದು ಅಲ್ಲಿ ಹದಿನೈದು ದಿನ ಕಳೆಯುವುದು ರೂಢಿ. ಅವನು ಕೆಲಸ ಮಾಡುವನು, ನಾವು ಮೊಣಕಾಲುಮಣೆಯ ಮೇಲೆ ಕುಳಿತು ಉಪದೇಶ ಮಾಡುವೆವು.

೨೦೧೮ರ ಮೇ ತಿಂಗಳಲ್ಲಿ ನಾವು ಹೋದಾಗ ಸೂರಿನ ಕೆಳಗೆ ಕೆಂಪು ಬಣ್ಣದ ಒಂದು ಪುಟ್ಟ ಗಾಡಿ ನಿಂತಿತ್ತು. ಕೋತಗಿರಿಯ ಕಡೆಯ ಚಹಾತೋಟದ ಯಜಮಾನರೊಬ್ಬರದು. ತೋಟವನ್ನು ಹಿಂದೆ ನಡೆಸುತ್ತಿದ್ದ ಆಂಗ್ಲರು ಸ್ವದೇಶಕ್ಕೆ ಮರಳುವಾಗ ಬಿಟ್ಟುಹೋದದ್ದಂತೆ. ಹೆಸರು ಟ್ರಯಂಫ್ ಸ್ಪಿಟ್‌ಫೈರ್. ಎರಡನೆಯ ಮಹಾಯುದ್ಧದಲ್ಲಿ ಖ್ಯಾತವಾದ ಯುದ್ಧವಿಮಾನದ ಹೆಸರನ್ನೇ ಇದಕ್ಕೂ ಇಟ್ಟಿದ್ದರು. ಇಟಲಿಯ ಜೊವಾನ್ನಿ ಮಿಕೆಲೊತ್ತಿ ಎಂಬಾತ ರೂಪಿಸಿದ ಈ ಕಾರು ೧೯೬೨ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿ ನಗರದಿಂದ ಹೊರಬಿತ್ತು. ೧೯೮೦ರಲ್ಲಿ ನಿಲ್ಲುವಷ್ಟರಲ್ಲಿ ಮೂರು ಲಕ್ಷಕ್ಕಿಂತ ಹೆಚ್ಚು ಗಾಡಿಗಳು ತಯಾರಾಗಿದ್ದುವು. ತಮ್ಮನ ಮುಂದೆ ನಿಂತಿದ್ದುದು ೧೯೬೪ರ ಗಾಡಿ, ಅರ್ಥಾತ್ ಮೊದಲನೆಯ ಮಾದರಿಯದು: ೧೧೪೭ ಘನ ಸೆಂಟಿಮೀಟರಿನ ಎಂಜಿನು, ೬೩ ಅಶ್ವಶಕ್ತಿ, ಇಬ್ಬರಿಗೆ ಮಾತ್ರ ಆಸನ. ನೋಟಕ್ಕೆ ಹೊಸದೆನಿಸಿದರೂ ಅದರ ಅಸ್ಥಿಪಂಜರ ಹೆರಾಲ್ಡಿನದೇ, ಸ್ವಲ್ಪ ಮೊಟಕು ಮಾಡಿದ್ದು. ನೀಲಗಿರಿಯ ಧನವಂತರು ಸತ್ಯಮಂಗಲದ ತಗಡಿನ ಸೂರನ್ನು ಹುಡುಕಿಕೊಂಡು ಬಂದುದಕ್ಕೆ ಕಾರಣ ಇದೇ.

ಆ ಗಾಡಿಯ ಮೂತಿ, ರೆಕ್ಕೆ, ದೀಪಗಳೆಲ್ಲ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತವೆ. ಮುಂದಿನ ಗಾಲಿಗಳು, ಸ್ಪ್ರಿಂಗುಗಳು, ಎಂಜಿನು ಸಮಸ್ತವೂ ಬಯಲಾಗಿಬಿಡುತ್ತದೆ. ಗಾಲಿಯ ಮೇಲೆಯೇ ಕುಳಿತು ಕೆಲಸ ಮಾಡಬಹುದು. ಚಕ್ರವನ್ನು ಪೂರ್ತಿ ತಿರುವಿದರೆ ೨೪ ಅಡಿ ಅಗಲದ ವೃತ್ತದಲ್ಲಿ ಸುತ್ತಿ ಬರುತ್ತದೆ. ನಮ್ಮ ಶಾಲೆಯ ಅಂಗಳದಲ್ಲಿ ಧ್ವಜಸ್ತಂಭಕ್ಕೆ ತಗಲದೆ ಪ್ರದಕ್ಷಿಣೆ ಹಾಕಬಹುದಾದ ಮೋಟಾರೆಂದರೆ ಇದೊಂದೇ ಎಂದು ಮನಸ್ಸಿನಲ್ಲಿಯೇ ಅಳೆದುಕೊಂಡೆವು.

ಯಜಮಾನರ ಕೋರಿಕೆ ಇಷ್ಟು: ಹಿಂಬದಿ ಕುಸಿದಿದೆ, ಹಳ್ಳಕೊಳ್ಳಗಳಲ್ಲಿ ಬೆನ್ನು ಮುರಿಯುತ್ತದೆ, ಸಸ್ಪೆನ್ಶನ್ನನ್ನು ಉತ್ತಮಪಡಿಸಬೇಕು.

ಈ ಸಸ್ಪೆನ್ಶನ್ ಎಂಬುದು ಏನೆಂದು ನಮ್ಮ ಕಿರಿಯ ವಾಚಕರಿಗೆ ಎರಡು ಮಾತು ಹೇಳಬೇಕು. ಎತ್ತಿನ ಗಾಡಿಯಲ್ಲಿ ಅಚ್ಚು ನೇರವಾಗಿ ಗಾಡಿಯ ಮೈಗೆ ಬಿಗಿದಿರುತ್ತದೆ. ಗಾಲಿ ಕಲ್ಲು ಹತ್ತಿದರೆ ಗಾಡಿಯೂ ಕಲ್ಲು ಹತ್ತುತ್ತದೆ, ಕುಳಿತವನೂ ಹತ್ತುತ್ತಾನೆ. ನಮ್ಮ ಅಜ್ಜ ಇದಕ್ಕಾಗಿ ಹುಲ್ಲು ಹಾಸಿಕೊಳ್ಳುತ್ತಿದ್ದರು. ಮೋಟಾರಿನಲ್ಲಿ ಆ ಹುಲ್ಲಿನ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದಾರೆ. ಮೊದಲನೆಯದು ಸ್ಪ್ರಿಂಗು: ಗಾಲಿ ಮೇಲೆದ್ದಾಗ ತಾನು ಬಾಗಿ ಆಘಾತವನ್ನು ನುಂಗುತ್ತದೆ. ಆದರೆ ಸ್ಪ್ರಿಂಗಿಗೆ ಮರೆವಿಲ್ಲ. ಒಮ್ಮೆ ಅದುಮಿದರೆ ಉಯ್ಯಾಲೆಯಂತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆದುದರಿಂದ ಎರಡನೆಯವನು ಬೇಕು, ಅವನೇ ಡ್ಯಾಂಪರು. ಕೊಳವೆಯಲ್ಲಿ ತುಂಬಿದ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ಬಲವಂತವಾಗಿ ಹಾಯಿಸಿ, ಉಯ್ಯಾಲೆಯ ವೇಗವನ್ನು ಕಾವಾಗಿ ಮಾರ್ಪಡಿಸಿ ಅಡಗಿಸುತ್ತಾನೆ. ಇವನನ್ನು ಪೇಟೆಯಲ್ಲಿ ಶಾಕ್ ಅಬ್ಸಾರ್ಬರ್ ಎನ್ನುವುದು ಅನ್ಯಾಯದ ಮಾತು; ಆಘಾತ ನುಂಗುವುದು ಸ್ಪ್ರಿಂಗು, ಕೀರ್ತಿ ಇವನಿಗೆ. ಶಾಲೆಗಳಲ್ಲಿಯೂ ಇಂಥದು ಕಂಡುಬರುತ್ತದೆ, ಇರಲಿ.

ಸ್ಪಿಟ್‌ಫೈರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗುಗಳು, ಮೇಲೊಂದು ಕೆಳಗೊಂದು ತೋಳುಗಳ ನಡುವೆ. ಅದು ನಿರ್ದುಷ್ಟವಾದ ಏರ್ಪಾಟು. ಹಿಂಭಾಗದ ಕಥೆ ಬೇರೆ. ಅಲ್ಲಿ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳ ಕಮಾನೊಂದು ಗಾಡಿಗೆ ಅಡ್ಡಲಾಗಿ, ನಟ್ಟನಡುವಿನ ಡಿಫರೆನ್ಷಿಯಲ್ ಪೆಟ್ಟಿಗೆಯ ನೆತ್ತಿಗೆ ಬಿಗಿದು, ಎರಡು ತುದಿಗಳಿಂದ ಎರಡು ಗಾಲಿಗಳನ್ನೂ ಹೊತ್ತಿರುತ್ತದೆ. ಗಾಲಿಯ ಅಚ್ಚಿಗೆ ಕೀಲು ಒಂದೇ, ಅದೂ ಪೆಟ್ಟಿಗೆಯ ಬಳಿಯಲ್ಲಿ. ಎರಡು ಬಿದಿರು ಕೋಲುಗಳನ್ನು ನಡುವೆ ದಾರದಿಂದ ಕಟ್ಟಿ, ಹೊರತುದಿಗಳಿಗೆ ಒಂದೊಂದು ಬಿಲ್ಲೆ ಸಿಕ್ಕಿಸಿ ನೆಲದ ಮೇಲಿಟ್ಟು ನೋಡಿರಿ. ನಡುವನ್ನು ಒತ್ತಿದರೆ ಬಿಲ್ಲೆಗಳ ನೆತ್ತಿ ಒಳಕ್ಕೆ ವಾಲುತ್ತದೆ, ಕಾಲು ಅಗಲಿಸಿ ನಿಂತ ಜಟ್ಟಿಯ ಹಾಗೆ. ನಡುವನ್ನು ಎತ್ತಿದರೆ ನೆತ್ತಿ ಹೊರಕ್ಕೆ ವಾಲಿ, ಪಾದಗಳು ಗಾಡಿಯ ಹೊಟ್ಟೆಯ ಕೆಳಗೆ ಸೇರಿಕೊಳ್ಳುತ್ತವೆ. ಈ ಎರಡನೆಯ ಭಂಗಿಯೇ ಅಪಾಯದ್ದು. ತಿರುವಿನಲ್ಲಿ ಹೊರಬದಿಯ ಗಾಲಿಯನ್ನು ನೆಲವು ಒಳಕ್ಕೆ ತಳ್ಳುತ್ತದೆ. ಪಾದ ಮೊದಲೇ ಒಳಸೇರಿದ್ದರೆ ಆ ತಳ್ಳುವಿಕೆ ಗಾಡಿಯನ್ನೇ ಮೇಲಕ್ಕೆತ್ತುತ್ತದೆ. ಮೇಲೆತ್ತಿದಷ್ಟೂ ಪಾದ ಇನ್ನೂ ಒಳಕ್ಕೆ. ಅದೇ ಗಳಿಗೆಯಲ್ಲಿ ಚಾಲಕ ಬೆದರಿ ಬ್ರೇಕು ತುಳಿದನೋ, ಭಾರವೆಲ್ಲ ಮುಂದಕ್ಕೆ ಸರಿದು ಹಿಂಬದಿ ಹಗುರವಾಗಿ ಮತ್ತಷ್ಟು ಏಳುತ್ತದೆ. ಟೈರು ತನ್ನ ಅಂಚಿನ ಮೇಲೆ ನಿಂತುಬಿಡುತ್ತದೆ. ಆಮೇಲೆ ಗಾಡಿಯ ಬಾಲ ತನಗೆ ತೋಚಿದ ಕಡೆ ಹೋಗುತ್ತದೆ.

ಈ ಬಗೆಯ ಅಚ್ಚಿಗೆ ಎಡ್ಮಂಡ್ ರುಂಪ್ಲರ್ ಎಂಬಾತ ೧೯೦೩ರಲ್ಲಿಯೇ ಹಕ್ಕುಪತ್ರ ಪಡೆದಿದ್ದ. ಜರ್ಮನಿಯ ಫೋಕ್ಸ್‌ವ್ಯಾಗನ್ನಿನಲ್ಲಿಯೂ ಇದೇ ಇತ್ತು. ಅಮೆರಿಕದ ಕಾರ್ವೇರ್ ಎಂಬ ಕಾರಿನ ಮೊದಲ ಮಾದರಿಗಳಲ್ಲಿಯೂ ಇತ್ತು, ಆ ನಿಮಿತ್ತ ರಾಲ್ಫ್ ನೇಡರ್ ೧೯೬೫ರಲ್ಲಿ ಬರೆದ ಗ್ರಂಥ ದೊಡ್ಡ ಕೋಲಾಹಲವನ್ನೇ ಎಬ್ಬಿಸಿತು. ಹಾಗೆಂದು ಇದು ಕೇವಲ ದುಷ್ಟವೆಂದು ತಿಳಿಯಬಾರದು. ಒಂದು ಗಾಲಿಯ ಕುಲುಕಾಟ ಇನ್ನೊಂದಕ್ಕೆ ಮುಟ್ಟುವುದಿಲ್ಲ, ಭಾರ ಕಡಮೆ, ಖರ್ಚು ಕಡಮೆ. ನಡುವು ತಗ್ಗಿರುವವರೆಗೆ ಸಾಧುವಾದ ಪ್ರಾಣಿ.

ಇಷ್ಟೆಲ್ಲವನ್ನೂ ಈಗ ಬರೆಯುತ್ತಿದ್ದೇವೆ. ೨೦೧೮ರಲ್ಲಿ ಇದರ ಗಂಧವೂ ನಮಗಿರಲಿಲ್ಲ. ಆಗ ನಾವು ಕಂಡದ್ದು ಕುಸಿದ ಕಮಾನನ್ನು, ನೆತ್ತಿ ಒಳಕ್ಕೆ ವಾಲಿದ ಎರಡು ಗಾಲಿಗಳನ್ನು. ಮುದುಕನ ಸೊಟ್ಟಗಾಲುಗಳೆಂದೇ ಭಾವಿಸಿದೆವು. ‘ಇದನ್ನು ಎತ್ತರಿಸು’ ಎಂದೆವು. ‘ನಮ್ಮ ರಸ್ತೆಗಳು ಇಂಗ್ಲೆಂಡಿನ ರಸ್ತೆಗಳಲ್ಲ. ಒಂದು ಪಟ್ಟಿ ಹೆಚ್ಚಾಗಿ ಸೇರಿಸಿ, ಕಮಾನನ್ನು ಬೆಂಕಿಗೆ ಹಾಕಿ ಮತ್ತೆ ಬಾಗಿಸಿದರೆ ಒಂದೂವರೆ ಅಂಗುಲ ಏಳುತ್ತದೆ. ಹೊಟ್ಟೆ ನೆಲಕ್ಕೆ ತಾಗುವ ಭಯವೇ ಇರುವುದಿಲ್ಲ.’

ತಮ್ಮ ಕೈಯೊರಸಿಕೊಳ್ಳುತ್ತ ‘ಹಿಂದೆ ಎತ್ತರ ಬೇಡ ಅಣ್ಣಯ್ಯ’ ಎಂದ. ಏಕೆಂದು ಕೇಳಿದೆವು. ‘ಗುರುಗಳು ಬೇಡವೆನ್ನುತ್ತಿದ್ದರು’ ಎಂದ. ಏಕೆ ಬೇಡವೆನ್ನುತ್ತಿದ್ದರೆಂದು ಕೇಳಿದೆವು. ಅವನಿಗೆ ಹೇಳಲು ಬರಲಿಲ್ಲ. ಕೈಯನ್ನು ಎತ್ತಿ, ಮಣಿಕಟ್ಟನ್ನು ಒಳಕ್ಕೆ ಮಡಿಸಿ ತೋರಿಸಿದ. ‘ಹೀಗಾಗುತ್ತದೆ’ ಎಂದ.

ಉತ್ತರ ಗೊತ್ತಿದ್ದರೂ ಬಾಯಿ ಬಾರದ ಹುಡುಗರನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಅಂಥವರ ಕೈಗೆ ಸೀಮೆಸುಣ್ಣ ಕೊಟ್ಟು ಕಾಯಬೇಕೆಂದು ತರಬೇತಿಯ ಕಾಲದಲ್ಲಿ ನಾವೇ ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಪಡೆದಿದ್ದೆವು. ಆ ದಿನ ಕಾಯಲಿಲ್ಲ. ಗುರುವಾಕ್ಯವೆಂದ ಮಾತ್ರಕ್ಕೆ ಒಪ್ಪಬಾರದು, ಕಾರಣ ಬೇಕು ಎಂದು ಅರ್ಧ ಗಂಟೆ ಉಪನ್ಯಾಸ ಮಾಡಿದೆವು. ಅಣ್ಣನ ಮಾತಿಗೆ ಎದುರಾಡುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಮರುದಿನ ಕಮಾನು ಕುಲುಮೆಗೆ ಹೋಯಿತು. ತೋಟದ ಯಜಮಾನರು ದೂರವಾಣಿಯಲ್ಲಿ ವಿಷಯ ಕೇಳಿ ಸಂತೋಷಪಟ್ಟರು. ಡ್ಯಾಂಪರುಗಳು ಎಣ್ಣೆ ಸೋರಿ ಬರಿದಾಗಿದ್ದುವು; ಅವು ಇಂಗ್ಲೆಂಡಿನಿಂದ ಬರಬೇಕು, ಬಂದ ಮೇಲೆ ಹಾಕೋಣವೆಂದು ಹಳೆಯವನ್ನೇ ಉಳಿಸಿಕೊಂಡೆವು. ಗಾಡಿ ಸಿದ್ಧವಾಗಿ ನಿಂತಾಗ ಅದರ ಹಿಂಬದಿ ಜಿಂಕೆಯ ಹಾಗೆ ಎತ್ತಿಕೊಂಡಿತ್ತು. ಬಹಳ ಅಂದವಾಗಿದೆ ಎಂದೆವು.

ಬಣ್ಣಾರಿಯಿಂದ ಮೇಲಕ್ಕೆ ದಿಂಬಂ ಘಟ್ಟವನ್ನು ಹತ್ತಿದವರಿಗೆ ಅದರ ಇಪ್ಪತ್ತೇಳು ತಿರುವುಗಳ ವರ್ಣನೆ ಬೇಕಿಲ್ಲ. ಹತ್ತದವರಿಗೆ ಹೇಳಿ ಪ್ರಯೋಜನವಿಲ್ಲ. ಕಬ್ಬಿನ ಲಾರಿಗಳೂ ಬಸ್ಸುಗಳೂ ಒಂದನ್ನೊಂದು ಬಳಸಿಕೊಂಡು ತೆವಳುವ ದಾರಿ. ಹತ್ತುವಾಗ ಕಾರು ಹಕ್ಕಿಯಂತೆ ಹೋಯಿತು. ಹಾಸನೂರಿನಲ್ಲಿ ಚಹಾ ಕುಡಿದು ಹಿಂದಿರುಗಿದೆವು. ತಮ್ಮ ಬಲಗಡೆ ಚಾಲಕನ ಪೀಠದಲ್ಲಿ, ನಾವು ಎಡಗಡೆ. ಕೆಳಗಿನಿಂದ ಎಣಿಸಿದರೆ ಹತ್ತೊಂಬತ್ತನೆಯ ತಿರುವು, ನಮ್ಮ ಎಡಕ್ಕೆ. ವೇಗ ನಲವತ್ತು ಕಿಲೋಮೀಟರನ್ನು ಮೀರಿರಲಿಲ್ಲವೆಂದು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆವು. ಎದುರಿನಿಂದ ಲಾರಿಯೊಂದು ರಸ್ತೆಯ ನಡುವನ್ನು ಹಿಡಿದುಕೊಂಡು ಬಂತು. ತಮ್ಮ ವೇಗವರ್ಧಕದಿಂದ ಕಾಲು ತೆಗೆದು ಬ್ರೇಕು ಮುಟ್ಟಿದ. ಹಿಂಬದಿಯಲ್ಲಿ ಯಾರೋ ಗಾಡಿಯನ್ನು ಎರಡು ಕೈಯಿಂದ ಎತ್ತಿ ಪಕ್ಕಕ್ಕೆ ಇಟ್ಟಂತಾಯಿತು. ಶಬ್ದವೇ ಇಲ್ಲ. ಬೆಟ್ಟ, ಲಾರಿ, ಆಕಾಶ, ಕಣಿವೆ ಒಂದರ ಹಿಂದೆ ಒಂದು ನಮ್ಮ ಕಣ್ಣ ಮುಂದೆ ಹಾದುಹೋದುವು. ಬಳಿಕ ಗಾಡಿಯ ಬಲಮಗ್ಗುಲು ಕಲ್ಲಿನ ತಡೆಗೋಡೆಗೆ ಅಪ್ಪಳಿಸಿತು.

ಗೋಡೆ ತಡೆಯಿತು. ನಮಗೆ ಹಣೆಯಲ್ಲಿ ಒಂದು ಗೀರು, ಅಷ್ಟೆ. ತಮ್ಮನ ಬಲ ಮೊಣಕೈ ಎರಡು ಕಡೆ ಬಿರಿದಿತ್ತು. ಆ ಲಾರಿಯವನೇ ಇಳಿದು ಬಂದು ಅವನನ್ನು ಎತ್ತಿ ಕೂರಿಸಿ, ತನ್ನ ತಲೆಯ ವಸ್ತ್ರದಿಂದ ಕೈಯನ್ನು ಕುತ್ತಿಗೆಗೆ ಕಟ್ಟಿದ. ತಮ್ಮನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನು ನೋಡುತ್ತಿದ್ದುದು ತನ್ನ ಕೈಯನ್ನಲ್ಲ, ಹಿಂದಿನ ಗಾಲಿಯನ್ನು. ಅದು ಮಡಿಸಿದ ಮಣಿಕಟ್ಟಿನ ಹಾಗೆ ಗಾಡಿಯ ಹೊಟ್ಟೆಯ ಕೆಳಗೆ ಸೇರಿಕೊಂಡಿತ್ತು.

ಶಸ್ತ್ರಚಿಕಿತ್ಸೆಯಾಯಿತು. ಲೋಹದ ಪಟ್ಟಿಯೊಂದನ್ನು ಮೊಳೆಗಳಿಂದ ಎಲುಬಿಗೆ ಬಿಗಿದರು. ಕೈ ಕೂಡಿಕೊಂಡಿತು, ಆದರೆ ಈಗಲೂ ಭುಜದ ಮಟ್ಟಕ್ಕಿಂತ ಮೇಲೆ ನೇರವಾಗಿ ಚಾಚುವುದಿಲ್ಲ, ಭಾರದ ಸ್ಪ್ಯಾನರನ್ನು ಬಲವಾಗಿ ತಿರುವಲಾರದು. ಕಮ್ಮಾರಿಕೆಯವನ ಬಲಗೈ ಎಂದರೆ ಏನೆಂದು ವಾಚಕರಿಗೆ ವಿವರಿಸಬೇಕಾಗಿಲ್ಲ. ನಮ್ಮ ತಾಯಿ ಆರು ತಿಂಗಳು ನಮ್ಮೊಡನೆ ಮಾತನಾಡಲಿಲ್ಲ. ಊಟಕ್ಕೆ ಬಡಿಸುವರು, ಮಾತನಾಡರು. ತಮ್ಮ ಮಾತ್ರ ಒಂದು ದಿನವೂ ‘ನಾನು ಹೇಳಿರಲಿಲ್ಲವೆ’ ಎಂದವನಲ್ಲ. ಎಂದಿದ್ದರೆ ನಮಗೆ ಸುಲಭವಾಗುತ್ತಿತ್ತು.

ತೋಟದ ಯಜಮಾನರು ದೊಡ್ಡ ಮನಸ್ಸಿನವರು. ಗಾಡಿಯ ಮಾತೇ ಎತ್ತದೆ ಆಸ್ಪತ್ರೆಯ ವೆಚ್ಚದಲ್ಲಿ ಒಂದು ಪಾಲು ಕೊಟ್ಟರು. ಬೇರೆ ಕಡೆಗೆ ಸಾಗಿಸುತ್ತೇವೆಂದಾಗ ತಮ್ಮನೇ ಒಪ್ಪಲಿಲ್ಲ. ‘ನನ್ನ ಕೈಯಿಂದ ಕೆಟ್ಟದ್ದು ನನ್ನ ಕೈಯಿಂದಲೇ ನೇರವಾಗಲಿ’ ಎಂದ. ಅವನ ಕೈಯಿಂದ ಕೆಟ್ಟದ್ದೆಂದು ಅವನು ಹೇಳಿದಾಗ ನಾವು ಅಲ್ಲಿಯೇ ಇದ್ದೆವು.

ಹೀಗೆ ಆ ವರ್ಷದ ದಸರೆ ರಜೆಯಿಂದ ನಮ್ಮ ಪ್ರಾಯಶ್ಚಿತ್ತ ಪ್ರಾರಂಭವಾಯಿತು. ಗಾಡಿಯ ದುರಸ್ತಿ ಕೈಪಿಡಿ ಇಂಗ್ಲಿಷಿನಲ್ಲಿತ್ತು. ತಮ್ಮನಿಗೆ ಅದರ ಚಿತ್ರಗಳು ತಿಳಿಯುತ್ತಿದ್ದುವು, ವಾಕ್ಯಗಳು ತಿಳಿಯುತ್ತಿರಲಿಲ್ಲ. ಪ್ರತಿ ಸಂಜೆ ನಾವು ಓದಿ ಕನ್ನಡದಲ್ಲಿ ಹೇಳುವುದು, ಅವನು ಎಡಗೈಯಿಂದ ಸ್ಲೇಟಿನ ಮೇಲೆ ಗೀಚುವುದು. ಪಂಡಿತರ ಶಿಷ್ಯರಾದ ನಮಗೆ ಪಾರಿಭಾಷಿಕ ಪದಗಳ ವ್ಯಾಮೋಹ. ಗಾಲಿಯ ಓರೆಗೆ ‘ಕ್ಯಾಂಬರ್’ ಎನ್ನುತ್ತಾರೆ. ನೆತ್ತಿ ಒಳಕ್ಕಿದ್ದರೆ ಋಣ, ಹೊರಕ್ಕಿದ್ದರೆ ಧನ. ನಾವು ‘ಅಂತರ್ನತಿ, ಬಹಿರ್ನತಿ’ ಎಂದು ರಚಿಸಿಕೊಟ್ಟೆವು. ತಮ್ಮ ಒಂದು ಕ್ಷಣ ಯೋಚಿಸಿ ‘ಒಳವಾಲು, ಹೊರವಾಲು’ ಎಂದ. ಡ್ಯಾಂಪರನ್ನು ನಾವು ‘ಕಂಪನಶಾಮಕ’ವೆಂದೆವು, ಅವನು ‘ಸುಮ್ಮನಿರಿಸುವ ಕೊಳವೆ’ ಎಂದ. ಗಾಡಿ ಮಗ್ಗುಲಿಗೆ ವಾಲುವುದನ್ನು ತಡೆಯುವ ಅಡ್ಡಸರಳಿಗೆ ನಾವು ಇನ್ನೂ ಪದವನ್ನು ಕಡೆಯುತ್ತಿರುವಾಗಲೇ ಅವನು ‘ತಡೆಗೋಲು’ ಎಂದು ಸ್ಲೇಟಿನ ಮೇಲೆ ಬರೆದುಕೊಂಡಾಗಿತ್ತು. ಕಾಗುಣಿತ ತಪ್ಪಿರಲಿಲ್ಲ. ಓದು ತಲೆಗೆ ಹತ್ತಲಿಲ್ಲವೆಂದು ನಾವು ಶಾಲೆ ಬಿಡಿಸಿದ ಹುಡುಗ ಇವನೇ. ಬಾಯಿ ಬಾರದಿದ್ದುದು ಅವನಿಗಲ್ಲ. ಕೈಪಿಡಿಗೆ ಕನ್ನಡ ಬಾರದೆ ಇತ್ತು.

ಆ ಓದಿನಿಂದ ತಿಳಿದ ಮುಖ್ಯ ಸಂಗತಿ ಇದು. ಗಾಡಿ ತಯಾರಿಸಿದವರೇ ಈ ಅಚ್ಚಿನ ಗುಣವನ್ನು ಬಲ್ಲವರಾಗಿ ವರ್ಷಗಳುದ್ದಕ್ಕೂ ತಿದ್ದುತ್ತ ಬಂದಿದ್ದರು. ಇದೇ ವಂಶದ ಜಿಟಿ ಸಿಕ್ಸ್ ಎಂಬ ಕಾರಿಗೆ ೧೯೬೮ರಲ್ಲಿ ಕೆಳಗಡೆ ಇನ್ನೊಂದು ತೋಳು ಕೊಟ್ಟು ಗಾಲಿಯನ್ನು ನೆಟ್ಟಗೆ ನಿಲ್ಲಿಸಿದರು. ೧೯೭೦ರ ಸ್ಪಿಟ್‌ಫೈರಿಗೆ ಅಗ್ಗವಾದ, ಆದರೆ ಬಹು ಜಾಣತನದ ಉಪಾಯ ಮಾಡಿದರು. ಹಳೆಯ ಕಮಾನಿನಲ್ಲಿ ಎಲ್ಲ ಪಟ್ಟಿಗಳನ್ನೂ ಪೆಟ್ಟಿಗೆಗೆ ಬಿಗಿದಿತ್ತಷ್ಟೆ. ಹೊಸದರಲ್ಲಿ ಒಂದೇ ಒಂದು ಪಟ್ಟಿಯನ್ನು ಬಿಗಿದು, ಉಳಿದುವು ನಡುವಿನ ಕೀಲಿನ ಮೇಲೆ ಏತದ ಹಾಗೆ ತೂಗಾಡುವಂತೆ ಬಿಟ್ಟರು. ಎರಡು ಗಾಲಿಗಳೂ ಒಟ್ಟಿಗೆ ಗುಂಡಿಗೆ ಬಿದ್ದರೆ ಕಮಾನು ಪೂರಾ ಬಲದಿಂದ ಎದುರಿಸುತ್ತದೆ. ಗಾಡಿ ಮಗ್ಗುಲಿಗೆ ವಾಲಿದರೆ ಏತ ಬಾಗಿಕೊಟ್ಟು ಸುಮ್ಮನಿರುತ್ತದೆ, ಹಿಂಬದಿಯನ್ನು ಎತ್ತುವುದಿಲ್ಲ. ಹಿಂದೆ ವಾಲನ್ನು ತಡೆಯುವವರಿಲ್ಲವಾದ ಕಾರಣ ಮುಂದಿನ ತಡೆಗೋಲನ್ನು ಮೊದಲಿಗಿಂತ ದಪ್ಪ ಮಾಡಿದರು. ಈ ಎರಡೂ ಜೋಡಿ. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಗಾಡಿ ದೋಣಿಯಂತೆ ಹೊಯ್ದಾಡುತ್ತದೆ. ಮದರಾಸಿನವರು ಹಿಡಿದದ್ದು ಮೂರನೆಯ ದಾರಿ: ಹೆರಾಲ್ಡಿನ ತರುವಾಯ ೧೯೭೨ರಲ್ಲಿ ಗೆಜೆಲ್ ಎಂಬ ಕಾರು ತಂದಾಗ ಈ ತಾಪತ್ರಯವೇ ಬೇಡವೆಂದು ಎತ್ತಿನ ಗಾಡಿಯಂತೆ ಆಚೆಯಿಂದ ಈಚೆಗೆ ಒಂದೇ ಅಖಂಡ ಅಚ್ಚು ಹಾಕಿಬಿಟ್ಟರು. ತಮ್ಮನ ಗುರುಗಳು ಅದನ್ನು ಕ್ಷಮಿಸಿರಲಿಲ್ಲವಂತೆ.

೨೦೧೯ರ ಬೇಸಗೆಯ ಹೊತ್ತಿಗೆ ಹೊಸ ಬಗೆಯ ಕಮಾನು, ದಪ್ಪ ತಡೆಗೋಲು, ನಾಲ್ಕು ಡ್ಯಾಂಪರುಗಳು ಇಂಗ್ಲೆಂಡಿನಿಂದ ಬಂದುವು. ಡ್ಯಾಂಪರುಗಳು ಬಿಗುವನ್ನು ಹೆಚ್ಚು ಕಡಮೆ ಮಾಡಿಕೊಳ್ಳಬಹುದಾದ ಜಾತಿಯವು. ತಮ್ಮನ ಬಲಗೈ ನಾವಾದೆವು. ‘ತಿರುವಿ’ ಎಂದರೆ ತಿರುವಿದೆವು, ‘ನಿಲ್ಲಿಸಿ’ ಎಂದರೆ ನಿಲ್ಲಿಸಿದೆವು. ಇಪ್ಪತ್ತು ದಿನಗಳಲ್ಲಿ ಒಂದು ಸಲವೂ ಏಕೆಂದು ಕೇಳಲಿಲ್ಲ. ಕೇಳದಿದ್ದರೂ ಅವನೇ ಹೇಳುತ್ತಿದ್ದ, ಈಗ ಹೇಳಲು ಅವನ ಬಳಿ ಪದಗಳಿದ್ದುವು.

ಮುಂದಿನ ಗಾಲಿಗಳಿಂದ ಆರಂಭಿಸಿದೆವು. ಸುರುಳಿ ಸ್ಪ್ರಿಂಗನ್ನು ಬಿಚ್ಚುವಾಗ ಎರಡು ಕಡೆ ತಿರುಪುಗಳಿಂದ ಅದುಮಿ ಹಿಡಿಯಬೇಕು; ಜಾರಿದರೆ ಮನುಷ್ಯನ ದವಡೆಯನ್ನು ಹಾರಿಸಿಬಿಡುತ್ತದೆ. ಅದರ ಕೆಳಗೆ, ಗಾಲಿ ತಿರುಗುವ ಸ್ತಂಭ ನಿಂತಿರುವುದು ಟ್ರನಿಯನ್ ಎಂಬ ಹಿತ್ತಾಳೆಯ ಬಣ್ಣದ ತುಂಡಿನಲ್ಲಿ, ತಿರುಪಿನ ಹಲ್ಲುಗಳ ಮೇಲೆ. ಆ ಹಲ್ಲುಗಳಿಗೆ ಗಟ್ಟಿ ಎಣ್ಣೆಯನ್ನು ಊಡಬೇಕೇ ಹೊರತು ಗ್ರೀಸನ್ನಲ್ಲ. ಗ್ರೀಸು ಒಣಗಿ ಮೇಣವಾಗಿ ಎಣ್ಣೆಯ ದಾರಿಯನ್ನೇ ಮುಚ್ಚುತ್ತದೆ, ಹಲ್ಲು ಸವೆಯುತ್ತದೆ, ಒಂದು ದಿನ ಸ್ತಂಭ ಮುರಿದು ಗಾಲಿ ಮಲಗಿಬಿಡುತ್ತದೆ. ನಾವು ಬಿಚ್ಚಿ ನೋಡಿದಾಗ ಒಳಗೆ ತುಂಬಿದ್ದುದು ಗ್ರೀಸು, ಕಲ್ಲಿನಂತಾಗಿತ್ತು. ಹಿಂಬದಿಯನ್ನು ಅಂದಗೊಳಿಸುವ ಭರದಲ್ಲಿ ಮುಂಬದಿಯನ್ನು ಬಿಚ್ಚಿಯೇ ನೋಡಿರಲಿಲ್ಲ. ಕೊಯಮತ್ತೂರಿನ ಹಳೆಯ ಬಿಡಿಭಾಗಗಳ ಅಂಗಡಿಯಲ್ಲಿ ಯಾವುದೋ ಹೆರಾಲ್ಡಿನ ಹೊಸ ಟ್ರನಿಯನ್ನುಗಳು, ಮೇಣದ ಕಾಗದ ಸಹ ಬಿಚ್ಚದೆ, ಸಿಕ್ಕಿದುವು. ತಮ್ಮ ಅವನ್ನು ಕಣ್ಣಿಗೊತ್ತಿಕೊಂಡ.

ಕೀಲುಗಳ ರಬ್ಬರು ಬುಷ್‌ಗಳ ವಿಷಯದಲ್ಲಿ ಯಜಮಾನರಿಗೂ ತಮ್ಮನಿಗೂ ಸಣ್ಣ ಜಗಳ. ಪಾಲಿಯುರೆಥೇನ್ ಎಂಬ ಗಡುಸು ಪದಾರ್ಥದ ಬುಷ್‌ಗಳು ಬಂದಿವೆ, ಎಲ್ಲ ಕಡೆಯೂ ಅವನ್ನೇ ಹಾಕಬೇಕೆಂದು ಅವರ ಹಟ. ಗಾಡಿಯ ಪ್ರತಿಕ್ರಿಯೆ ಚುರುಕಾಗುವುದು ನಿಜ. ಆದರೆ ರಸ್ತೆಯ ಪ್ರತಿ ಹರಳೂ ಹಲ್ಲಿಗೆ ಬಂದು ಮುಟ್ಟುತ್ತದೆ, ಕಿರುಗುಟ್ಟುವುದೂ ಉಂಟು. ತಮ್ಮ ತಡೆಗೋಲಿಗೆ ಮಾತ್ರ ಅದನ್ನು ಹಾಕಿ ಉಳಿದೆಡೆ ಹೊಸ ರಬ್ಬರನ್ನೇ ಹಾಕಿದ. ಗಡುಸೆಲ್ಲ ಗಟ್ಟಿಯಲ್ಲವೆಂದು ಅವನ ವಾದ. ಯಜಮಾನರು ಬೇರೆ ದಾರಿಯಿಲ್ಲದೆ ಒಪ್ಪಿದರು.

ಕಮಾನು ಕೂರಿಸುವುದು ಒಂದು ದಿನದ ಕೆಲಸ. ಆಸನಗಳ ಹಿಂದಿನ ಮುಚ್ಚಳ ತೆಗೆದರೆ ಅದರ ನಡು ಕಾಣುತ್ತದೆ. ತುದಿಗಳನ್ನು ಗಾಲಿಯ ಸ್ತಂಭಗಳಿಗೆ ಸೇರಿಸಿದ ಮೇಲೆ ರಬ್ಬರು ಬುಷ್‌ಗಳ ಬೋಲ್ಟುಗಳನ್ನು ಕೂಡಲೇ ಬಿಗಿಯಬಾರದು. ಗಾಡಿ ಜಾಕಿನ ಮೇಲೆ ಜೋಲುತ್ತಿರುವಾಗ ಬಿಗಿದರೆ, ನೆಲಕ್ಕಿಳಿಸಿದ ಕೂಡಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಹರಿದುಹೋಗುತ್ತದೆ. ಗಾಲಿಗಳ ಮೇಲೆ ನಿಲ್ಲಿಸಿ, ಎರಡು ಆಸನಗಳಲ್ಲಿಯೂ ಮನುಷ್ಯರ ಭಾರವಿಟ್ಟು, ಗಾಡಿ ತನ್ನ ಸಹಜ ಎತ್ತರಕ್ಕೆ ಕುಸಿದ ಬಳಿಕ ಬಿಗಿಯಬೇಕು. ಒಂದು ಆಸನದಲ್ಲಿ ರಾಗಿಯ ಮೂಟೆ, ಇನ್ನೊಂದರಲ್ಲಿ ನಾವು. ತಮ್ಮ ಗಾಡಿಯ ಕೆಳಗೆ ಮಲಗಿ ಎಡಗೈಯಿಂದ ಬಿಗಿಯುತ್ತ ‘ಅಲ್ಲಾಡಬೇಡಿ ಅಣ್ಣಯ್ಯ, ಮೂಟೆ ನೋಡಿ ಎಷ್ಟು ಚೆನ್ನಾಗಿ ಕುಳಿತಿದೆ’ ಎಂದ. ಅಪಘಾತದ ತರುವಾಯ ಅವನು ನಮ್ಮನ್ನು ಗೇಲಿ ಮಾಡಿದ್ದು ಅದೇ ಮೊದಲು. ಆ ಆಸನದಲ್ಲಿ ಕುಳಿತಿದ್ದ ನಮ್ಮ ಕಣ್ಣು ಒದ್ದೆಯಾದದ್ದನ್ನು ಮೂಟೆಯ ಹೊರತು ಯಾರೂ ಕಾಣಲಿಲ್ಲ.

ಒಳವಾಲನ್ನು ಅಳೆಯಲು ನಮ್ಮಲ್ಲಿ ಯಂತ್ರವಿರಲಿಲ್ಲ. ತೂಗುಗುಂಡಿಗೆ ಬದಲು ದಾರಕ್ಕೊಂದು ನಟ್ಟು ಕಟ್ಟಿ ಗಾಲಿಯ ಪಕ್ಕದಲ್ಲಿ ಇಳಿಬಿಟ್ಟೆವು. ಗಾಲಿಯ ರಿಮ್ಮು ೧೩ ಅಂಗುಲ, ಅಂದರೆ ೩೩೦ ಮಿಲಿಮೀಟರು. ೩೩೦ ಮಿಲಿಮೀಟರು ತ್ರಿಜ್ಯದ ವೃತ್ತದ ಪರಿಧಿಯನ್ನು ೩೬೦ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಆರು ಮಿಲಿಮೀಟರಿಗಿಂತ ತುಸು ಕಡಮೆ ಬರುತ್ತದೆ. ಮೇಲಂಚು ದಾರದಿಂದ ಕೆಳಗಿನ ಅಂಚಿಗಿಂತ ಅಷ್ಟು ದೂರವಿದ್ದರೆ ಒಂದು ಡಿಗ್ರಿ ಒಳವಾಲು. ಏಳನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕವನ್ನು ಆಮೇಲೆ ಪ್ರತಿ ವರ್ಷವೂ ಕೊಡುತ್ತಿದ್ದೇವೆ. ಹಾಗೇಕೆ ಅಳೆಯಬೇಕೆಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದಕ್ಕೆ ಮುನ್ನ ಸೀಮೆಸುಣ್ಣವನ್ನು ಅವರ ಕೈಗೆ ಕೊಡುತ್ತೇವೆ. ನಮ್ಮ ಅಳತೆಯಲ್ಲಿ ಎಡಗಾಲಿಗೆ ಹನ್ನೊಂದು, ಬಲಗಾಲಿಗೆ ಹತ್ತು ಮಿಲಿಮೀಟರು ಬಂತು. ಗಾಡಿ ಮತ್ತೆ ಜಟ್ಟಿಯಂತೆ ಕಾಲಗಲಿಸಿ ನಿಂತಿತ್ತು. ಸುಂದರವಾಗಿದೆ ಎಂದು ನಾವು ಹೇಳಲಿಲ್ಲ. ತಮ್ಮನ ಮುಖ ನೋಡಿದೆವು. ಅವನು ತಲೆದೂಗಿದ. ಟೈರುಗಳಿಗೆ ಗಾಳಿ ತುಂಬಿದ. ಮುಂದಕ್ಕೆ ಕಡಮೆ, ಹಿಂದಕ್ಕೆ ಹೆಚ್ಚು. ಹೋದ ವರ್ಷ ಪೆಟ್ರೋಲು ಬಂಕಿನಲ್ಲಿ ನಾಲ್ಕಕ್ಕೂ ಸಮನಾಗಿ ತುಂಬಿಸಿದವರು ಯಾರೆಂದು ವಾಚಕರು ಊಹಿಸಬಹುದು.

ಮತ್ತೆ ಘಟ್ಟಕ್ಕೆ ಹೋಗಬೇಕಾಗಿತ್ತು. ಹೊರಡುವ ಮುನ್ನ ತಮ್ಮ ನಮ್ಮ ಅಂಗಿಯ ಜೇಬಿನಿಂದ ಸೀಮೆಸುಣ್ಣದ ಕಡ್ಡಿಯೊಂದನ್ನು ತೆಗೆದುಕೊಂಡ. ಶಾಲೆಯಿದ್ದರೂ ಇಲ್ಲದಿದ್ದರೂ ನಮ್ಮ ಜೇಬಿನಲ್ಲಿ ಅದು ಇದ್ದೇ ಇರುತ್ತದೆ. ಹಿಂದಿನ ಎರಡು ಟೈರುಗಳಿಗೂ ನೆಲ ಮುಟ್ಟುವ ಭಾಗದಿಂದ ಮಗ್ಗುಲಿನವರೆಗೆ ಮೂರು ಮೂರು ಕಡೆ ಅಡ್ಡಗೆರೆ ಎಳೆದ. ತಿರುವಿನಲ್ಲಿ ಟೈರು ಎಷ್ಟು ಮಗುಚುತ್ತದೆಯೋ ಅಷ್ಟರವರೆಗೆ ಗೆರೆ ಅಳಿಸುತ್ತದೆ, ಮಿಕ್ಕದ್ದು ಉಳಿಯುತ್ತದೆ. ಇದನ್ನು ಕೈಪಿಡಿಯಲ್ಲಿ ನಾವು ಓದಿರಲಿಲ್ಲ.

ಬೆಳಿಗ್ಗೆ ರಸ್ತೆ ಬರಿದಾಗಿರುವ ಹೊತ್ತು. ಮಂಜು ಆಗತಾನೆ ಏಳುತ್ತಿತ್ತು. ಹತ್ತಿ ಹೋಗಿ ಮೇಲೆ ತಿರುಗಿಸಿಕೊಂಡೆವು. ಹಾಸನೂರಿನ ಚಹಾಕ್ಕೆ ಇಬ್ಬರೂ ಮನಸ್ಸು ಮಾಡಲಿಲ್ಲ. ಇಳಿಯುವಾಗ ನಮ್ಮ ಅಂಗೈಗಳು ಬೆವರಿ ತೊಡೆಗೆ ಅಂಟಿಕೊಂಡಿದ್ದುವು. ಇಪ್ಪತ್ತು ಕಳೆಯಿತು. ಹತ್ತೊಂಬತ್ತನೆಯ ತಿರುವಿನಲ್ಲಿ ಲಾರಿಯಿರಲಿಲ್ಲ, ಒಂದು ಕೋತಿಯ ಕುಟುಂಬ ತಡೆಗೋಡೆಯ ಮೇಲೆ ಕುಳಿತಿತ್ತು. ಗೋಡೆಯ ಕಲ್ಲಿನಲ್ಲಿ ಕೆಂಪು ಬಣ್ಣದ ಒಂದು ಗೀಟು ಇನ್ನೂ ಹಾಗೆಯೇ ಇತ್ತು. ತಮ್ಮ ಹಿಂದಿನ ವೇಗದಲ್ಲಿಯೇ ತಿರುವನ್ನು ಹೊಕ್ಕ. ಅದರ ನಡುಮಧ್ಯದಲ್ಲಿ, ನಾವು ನೋಡುತ್ತಿರುವಂತೆಯೇ, ಬೇಕೆಂದು ವೇಗವರ್ಧಕದಿಂದ ಕಾಲು ತೆಗೆದು ಬ್ರೇಕು ಮುಟ್ಟಿದ. ನಾವು ಕಣ್ಣು ಮುಚ್ಚಿಕೊಂಡೆವೆಂಬುದನ್ನು ಮುಚ್ಚಿಡುವುದಿಲ್ಲ.

ಗಾಡಿ ಮೂತಿಯನ್ನು ತುಸು ತಗ್ಗಿಸಿತು. ಬಾಲ ಬಾಲದ ಸ್ಥಳದಲ್ಲಿಯೇ ಇತ್ತು.

ಮುಂದೆ ರಸ್ತೆ ಅಗಲವಾದ ಕಡೆ ನಿಲ್ಲಿಸಿ ಇಬ್ಬರೂ ಇಳಿದೆವು. ತಮ್ಮ ಬಲಬದಿಯ ಹಿಂದಿನ ಗಾಲಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಎತ್ತಲಾಗದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈ ಬೆರಳಿನಿಂದ ಗೆರೆಯನ್ನು ತೋರಿಸಿದ. ನೆಲ ಮುಟ್ಟುವ ಭಾಗದಲ್ಲಿ ಅಳಿಸಿಹೋಗಿತ್ತು. ಭುಜದಿಂದ ಆಚೆಗೆ, ಮಗ್ಗುಲಿನ ಮೇಲೆ, ಮೂರು ಗೆರೆಗಳೂ ಎಳೆದಾಗ ಇದ್ದಷ್ಟೇ ಬೆಳ್ಳಗೆ ಇದ್ದುವು. ನಾವೂ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಅವನ್ನು ನೋಡಿದೆವು. ಏನೋ ಹೇಳಬೇಕೆಂದು ಬಾಯಿ ತೆರೆದೆವು, ಮಾತು ಬರಲಿಲ್ಲ. ಅವನು ಕಾದ. ಬಳಿಕ ಮಿಕ್ಕ ಸೀಮೆಸುಣ್ಣದ ತುಂಡನ್ನು ನಮ್ಮ ಜೇಬಿಗೆ ಹಾಕಿ, ‘ಹತ್ತಿ ಅಣ್ಣಯ್ಯ, ಇನ್ನೂ ಹದಿನೆಂಟು ಇವೆ’ ಎಂದ.